ಸಭೆ ನಡೆಸುವವರ ನಡತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು 11 ವರ್ಷ ಖಜಾಂಚಿಯಾಗಿದ್ದೆ. ಈಗ ಸುಮ್ನೆ ಹಿರಿಯ. ಧಾರವಾಡ, ಗದಗ-ಬೆಟಗೇರಿ, ಹಾವೇರಿ ಕಡೆಯ ಯೌವನಸ್ಥರ ಕೂಟಗಳಿಗೆ ಕರೆದಾಗ ಹೋಗುತ್ತೇನೆ. ಕೂಟ ಮುಗಿದು ಚಹಾ-ಚುರುಮುರಿ ಬಂದ ಮೇಲೆ ನಿಜವಾದ ಪ್ರಶ್ನೆಗಳು ಶುರುವಾಗುತ್ತವೆ. ಮೈಕ್ ಮುಂದೆ ಕೇಳದ್ದನ್ನು ಜನ ಗೇಟಿನ ಹತ್ತಿರ ನಿಂತು ಕೇಳುತ್ತಾರೆ. ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟೆ. ನಾನು ದೇವಜ್ಞಾನ ಓದಿದವನಲ್ಲ, ರೊಕ್ಕ ಎಣಿಸಿದವನು. ಉತ್ತರಗಳಲ್ಲಿ ಆ ವಾಸನೆ ಇದ್ದೇ ಇರುತ್ತದೆ.

ನಮ್ಮ ಪಾಸ್ಟರ್ ಪ್ರಸಂಗ ಮಾಡಿದರೆ ಜನ ಅಳುತ್ತಾರೆ. ಸಭೆ ಬೆಳೆಯುತ್ತಿದೆ. ಹಾಗಿದ್ದ ಮೇಲೆ ಅವರ ಸ್ವಂತ ನಡತೆ ಯಾಕೆ ನೋಡಬೇಕು?

ಬೈಬಲ್ ಅದನ್ನೇ ಮೊದಲು ನೋಡುತ್ತದೆ, ಅದಕ್ಕೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯ ತೆಗೆಯಿರಿ. ಸಭಾಧ್ಯಕ್ಷ, ಅಂದರೆ ಚರ್ಚ್ ನೋಡಿಕೊಳ್ಳುವವನು, ಹೇಗಿರಬೇಕು ಅಂತ ಅಪೊಸ್ತಲ ಪೌಲ ಪಟ್ಟಿ ಕೊಡುತ್ತಾನೆ. ಯಾರೂ ಬೊಟ್ಟು ಮಾಡಬಾರದು, ಹೆಂಡತಿಗೆ ನಿಷ್ಠನಾಗಿರಬೇಕು, ಕುಡುಕನಾಗಿರಬಾರದು, ಹೊಡೆದಾಡಬಾರದು, ಹಣದ ಆಸೆ ಇರಬಾರದು, ಮನೆಗೆ ಬಂದವರನ್ನು ಆದರಿಸಬೇಕು. ಪಟ್ಟಿ ಹೀಗೇ ಹೋಗುತ್ತದೆ. ಅದರಲ್ಲಿ ವೇದಿಕೆಯ ಮೇಲೆ ಬೇಕಾಗುವ ಗುಣ ಒಂದೇ ಒಂದು: ಬೋಧಿಸುವ ಶಕ್ತಿ. ಉಳಿದದ್ದೆಲ್ಲ ಮನೆಯಲ್ಲಿ, ಓಣಿಯಲ್ಲಿ, ಸಿಟ್ಟು ಬಂದಾಗ, ಕೈಗೆ ರೊಕ್ಕ ಸಿಕ್ಕಾಗ ಕಾಣುವಂಥದ್ದು.

ಇದು ಪೌಲನ ಹೊಸ ಮಾತೂ ಅಲ್ಲ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಅಳಿಯನಿಗೆ ಬುದ್ಧಿ ಹೇಳುತ್ತಾನೆ: ಸಮರ್ಥರು, ದೇವರಿಗೆ ಹೆದರುವವರು, ನಂಬಿಗಸ್ತರು, ಲಂಚ ಅಂದರೆ ಆಗದವರು, ಇಂಥವರನ್ನು ಆರಿಸಿಕೋ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರಿಗೆ ಊಟ ಹಂಚುವ ಕೆಲಸಕ್ಕೆ ಏಳು ಜನ ಬೇಕಾದಾಗಲೂ ಕೇಳಿದ್ದು ಒಳ್ಳೆಯ ಹೆಸರನ್ನು. ನೋಡಿ, ಬಡಿಸುವ ಕೆಲಸಕ್ಕೆ!

ಜನ ಅಳುವುದು ಗುರುತಲ್ಲ. ಬಯಲಾಟ ನೋಡಿದಾಗಲೂ ನಮ್ಮ ಜನ ಅಳುತ್ತಾರೆ. ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು ಅನ್ನುವವರಿಗೆ ನಾನು ನಿಮ್ಮನ್ನು ಎಂದೂ ಅರಿಯೆ ಅಂತ ಯೇಸು ಹೇಳುವುದು ಮತ್ತಾಯ 7ರಲ್ಲಿ ಇದೆ. ಅವರ ಕೆಲಸ ಸುಳ್ಳು ಅಂತ ಅಲ್ಲಿ ಹೇಳಿಲ್ಲ. ಅದೇ ಭಯ ಹುಟ್ಟಿಸುವ ಸಂಗತಿ.

ನಡತೆ ಅಂದರೆ ಏನು? ಕುಡಿಯೋದಿಲ್ಲ, ಗುಟ್ಕಾ ಹಾಕೋದಿಲ್ಲ, ಸಿನಿಮಾ ನೋಡೋದಿಲ್ಲ. ಸಾಲದಾ?

ಸಾಲದು. ಇವನ್ನೆಲ್ಲ ಬಿಟ್ಟು, ಹೆಂಡತಿಯ ಹತ್ತಿರ ಒಂದು ಮೆತ್ತನೆಯ ಮಾತು ಆಡದವರನ್ನು ನಾನು ಕಂಡಿದ್ದೇನೆ. ಚರ್ಚ್ ಕಸ ಗುಡಿಸುವ ಅಕ್ಕನಿಗೆ ಏಕವಚನ, ದೊಡ್ಡ ಕಾಣಿಕೆ ಕೊಡುವ ಕಾಂಟ್ರಾಕ್ಟರಿಗೆ ಸಾಹೇಬರೇ. ಇದನ್ನು ನಾವು ನಡತೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಇಷ್ಟು ವರ್ಷದಲ್ಲಿ ನನಗೆ ಒಂದು ಅಳತೆ ಸಿಕ್ಕಿದೆ. ಆ ಮನುಷ್ಯನನ್ನು ಪ್ರಶ್ನೆ ಕೇಳಬಹುದಾ? ಕೇಳಿದರೆ ಮುಖ ಹೇಗಾಗುತ್ತದೆ? ಇಸ್ರಾಯೇಲ್ ಜನರನ್ನು ನಡೆಸಿದ ಪ್ರವಾದಿ ಸಮುವೇಲ ಮುದುಕನಾದ ಮೇಲೆ ಜನರ ಮುಂದೆ ನಿಂತು ತಾನೇ ಕೇಳಿದ: ಯಾರ ಎತ್ತು ತೆಗೆದುಕೊಂಡೆ? ಯಾರ ಕತ್ತೆ? ಯಾರಿಗೆ ಮೋಸ ಮಾಡಿದೆ? ಯಾರಿಂದ ಲಂಚ ತಿಂದೆ? ಹೇಳಿ, ತಿರುಗಿ ಕೊಡುತ್ತೇನೆ. ಮೊದಲನೆಯ ಸಮುವೇಲ 12ನೇ ಅಧ್ಯಾಯ. ಜೀವನಪೂರ್ತಿ ಅಧಿಕಾರ ನಡೆಸಿದವನು ಎತ್ತು-ಕತ್ತೆಯ ಲೆಕ್ಕ ಕೊಡಲು ಸಿದ್ಧನಿದ್ದ. ನಮ್ಮಲ್ಲಿ ಕೆಲವರಿಗೆ ಪೆಟ್ರೋಲ್ ಚೀಟಿ ಕೇಳಿದರೂ ಅವಮಾನ.

ನಡೆ-ನುಡಿ ಒಂದಾಗಿರಬೇಕು ಅನ್ನುವುದು ಈ ಶರಣರ ನಾಡಿನಲ್ಲಿ ಯಾರಿಗೂ ಹೊಸ ಮಾತಲ್ಲ. ನಮ್ಮ ಲಿಂಗಾಯತ ನೆರೆಯವರು ನಮ್ಮ ಪ್ರಸಂಗ ಕೇಳಿರುವುದಿಲ್ಲ. ನಮ್ಮ ನಡೆ ಮಾತ್ರ ದಿನಾ ನೋಡುತ್ತಾರೆ.

ಪಾಸ್ಟರನ್ನು ಕರೆಯುವ ಮೊದಲು, ಹಿರಿಯರನ್ನು ಆರಿಸುವ ಮೊದಲು ನಡತೆ ಗೊತ್ತಾಗೋದು ಹೇಗೆ?

ಸರ್ಟಿಫಿಕೇಟಿನಿಂದ ಗೊತ್ತಾಗುವುದಿಲ್ಲ. ಯೂಟ್ಯೂಬ್ ವಿಡಿಯೋ ನೋಡಿದರಂತೂ ಇಲ್ಲವೇ ಇಲ್ಲ. ಅವರು ಮೊದಲಿದ್ದ ಊರಿಗೆ ಹೋಗಿ. ಸಭೆಯ ಹಿರಿಯರನ್ನು ಕೇಳಿ, ಅಷ್ಟಕ್ಕೇ ಬಿಡಬೇಡಿ. ಓಣಿಯ ಕಿರಾಣಿ ಅಂಗಡಿಯವರನ್ನು ಕೇಳಿ: ಉದ್ರಿ ತೀರಿಸಿ ಹೋದರಾ? ಬಾಡಿಗೆ ಮನೆಯ ಮಾಲೀಕರನ್ನು ಕೇಳಿ. ಇದು ನನ್ನ ಕುತಂತ್ರ ಅಲ್ಲ. ಹೊರಗಿನವರಿಂದಲೂ ಒಳ್ಳೆಯ ಹೆಸರಿರಬೇಕು ಅಂತ ಪೌಲನೇ ಆ ಪಟ್ಟಿಯ ಕೊನೆಗೆ ಬರೆದಿದ್ದಾನೆ. ಹೊರಗಿನವರು ಅಂದರೆ ನಮ್ಮಲ್ಲಿ ಯಾರು? ಅಂಗಡಿಯವರು, ಆಟೋದವರು, ಪಕ್ಕದ ಮನೆಯವರು. ಅವರಿಗೆ ಸುಳ್ಳು ಹೇಳುವ ಕಾರಣವೂ ಇಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದು ಮಾತಿದೆ. ಹೊಸದಾಗಿ ನಂಬಿದವನನ್ನು ಕೂಡಲೇ ಮೇಲೆ ಕೂರಿಸಬೇಡಿ, ಉಬ್ಬಿ ಬೀಳುತ್ತಾನೆ. ನಾವು ಇದನ್ನು ಜಾಸ್ತಿ ಮರೆಯುತ್ತೇವೆ. ಒಬ್ಬ ಹುಡುಗ ಚೆನ್ನಾಗಿ ಗಿಟಾರ್ ಬಾರಿಸಿದರೆ ಆರು ತಿಂಗಳಲ್ಲಿ ಆರಾಧನಾ ನಾಯಕ, ವರ್ಷದಲ್ಲಿ ಪ್ರಸಂಗಿ. ಆಮೇಲೆ ಅವನು ಬಿದ್ದರೆ ಅವನನ್ನೇ ಬಯ್ಯುತ್ತೇವೆ.

ಕಮಿಟಿ ಚುನಾವಣೆಯಲ್ಲಿ ಕುಲ, ಬಳಗ, ಗುಂಪು ನೋಡಿ ವೋಟು ಹಾಕ್ತಾರೆ. ಅಲ್ಲಿ ನಡತೆ ಎಲ್ಲಿ ಬರುತ್ತದೆ?

ಬರುವುದಿಲ್ಲ. ಅದೇ ರೋಗ. ಊಟ ಹಾಕಿಸಿ ವೋಟು ಕೇಳಿದವರು ಗೆದ್ದ ಮೇಲೆ ಆ ಊಟದ ಖರ್ಚು ಎಲ್ಲಿಂದ ತೆಗೆಯುತ್ತಾರೆ ಅಂತ ಯೋಚಿಸಿ, ಸಾಕು.

ರೊಕ್ಕದ ವಿಷಯದಲ್ಲಿ ಯಾವ ಕಟ್ಟುಪಾಡು ಇರಬೇಕು?

ಇದು ನನ್ನ ಹೊಲ. ಸ್ವಲ್ಪ ಜಾಸ್ತಿ ಹೇಳುತ್ತೇನೆ, ತಡೆದುಕೊಳ್ಳಿ.

ಮೊದಲು ಪೌಲ ಏನು ಮಾಡಿದ ನೋಡೋಣ. ಯೆರೂಸಲೇಮಿನ ಬಡವರಿಗಾಗಿ ಬೇರೆ ಬೇರೆ ಊರಿನ ಸಭೆಗಳಿಂದ ಹಣ ಕೂಡಿಸಿದ. ಅದನ್ನು ತಾನೊಬ್ಬನೇ ಒಯ್ಯಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಕಳಿಸಿದ. ಕಾರಣವನ್ನೂ ಬರೆದ, ಎರಡನೆಯ ಕೊರಿಂಥ 8ರಲ್ಲಿ: ಇಷ್ಟು ದೊಡ್ಡ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ದೇವರಿಗೆ ಗೊತ್ತು ಬಿಡಿ ಅನ್ನುವ ಪಾಸ್ಟರಿಗೆ ಈ ಮಾತು ತೋರಿಸಿ. ದೇವರಿಗೆ ಗೊತ್ತಿರುವುದು ಸರಿ, ಖಜಾಂಚಿಗೂ ಗೊತ್ತಾಗಬೇಕಲ್ವಾ?

ಇನ್ನು ನಮ್ಮ ಕೆಲಸ. ಕಾಣಿಕೆ ಚೀಲ ಒಬ್ಬರೇ ಬಿಚ್ಚಬಾರದು. ಇಬ್ಬರು, ಸಂಬಂಧಿಕರಲ್ಲದ ಇಬ್ಬರು, ಆರಾಧನೆ ಮುಗಿದ ಕೂಡಲೇ ಎಣಿಸಿ ವಹಿಯಲ್ಲಿ ಬರೆದು ಸಹಿ ಹಾಕಬೇಕು. ಬ್ಯಾಂಕ್ ಖಾತೆ ಸಭೆಯ ಹೆಸರಿನಲ್ಲಿರಬೇಕು, ಚೆಕ್ಕಿಗೆ ಎರಡು ಸಹಿ. ಈಗ ಎಲ್ಲರೂ ಫೋನ್‌ಪೇ ಮಾಡುತ್ತಾರೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಯಾರ ಖಾತೆಯದು ಅಂತ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಪಾಸ್ಟರ ಹೆಂಡತಿಯ ಹೆಸರು ಬಂದರೆ ಮುಂದಿನ ಕಮಿಟಿಯಲ್ಲಿ ಅದೇ ಮೊದಲ ವಿಷಯ. ಕಳ್ಳತನ ಅಂತ ನಾನು ಹೇಳುತ್ತಿಲ್ಲ. ಬಹಳ ಸಲ ಅದು ಬರೀ ಸೋಮಾರಿತನ. ಆದರೆ ಅವರನ್ನೇ ಅನುಮಾನಕ್ಕೆ ದೂಡುವ ಸೋಮಾರಿತನ.

ಹೊರದೇಶದಿಂದ ಸೇವೆಗೆ ಅಂತ ಹಣ ಬರುತ್ತಿದ್ದರೆ ಎಚ್ಚರ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ, 2010ರದು. ಅದರ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಗೆಳೆಯರು ಪ್ರೀತಿಯಿಂದ ಕಳಿಸಿದ್ದು ಅಂತ ಸ್ವಂತ ಖಾತೆಗೆ ಹಾಕಿಸಿಕೊಂಡು ಸಭೆಯ ಕಟ್ಟಡ ಕಟ್ಟುವುದು ನಂಬಿಕೆಯ ಕೆಲಸ ಅಲ್ಲ, ಕಾನೂನು ಮುರಿಯುವ ಕೆಲಸ.

1948ರಲ್ಲಿ ಅಮೆರಿಕದ ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಜೊತೆಗಾರರು ಅಮೆರಿಕದ ಮೊಡೆಸ್ಟೊ ಅನ್ನುವ ಊರಿನಲ್ಲಿ ಕೂತು, ಸುವಾರ್ತಿಕರು ಎಲ್ಲೆಲ್ಲಿ ಬೀಳುತ್ತಾರೆ ಅಂತ ಪಟ್ಟಿ ಮಾಡಿದರು. ನಾಲ್ಕು ಸಿಕ್ಕವು: ಹಣ, ಪರಸ್ತ್ರೀ ಸಂಗ, ಸ್ಥಳೀಯ ಸಭೆಗಳನ್ನು ಬಯ್ಯುವುದು, ಮತ್ತು ಜನರ ಲೆಕ್ಕ ಹಿಗ್ಗಿಸಿ ಹೇಳುವುದು. ಕೊನೆಯದು ಓದಿ ನನಗೆ ನಗು ಬಂತು. ಶಾಮಿಯಾನದವನಿಂದ ಮುನ್ನೂರು ಕುರ್ಚಿ ತರಿಸಿ, ಅದರಲ್ಲೂ ನೂರು ಖಾಲಿ ಉಳಿದು, ವರದಿಯಲ್ಲಿ ಸಾವಿರ ಜನ ಅಂತ ಬರೆದ ಕೂಟದ ಬಿಲ್ಲು ಕೊಟ್ಟವನು ನಾನೇ. ಅದೂ ಸುಳ್ಳೇ ಅಲ್ವಾ?

ದಾವೀದನೇ ವ್ಯಭಿಚಾರ ಮಾಡಿದ, ಕೊಲೆ ಮಾಡಿಸಿದ. ಆದರೂ ದೇವರು ಅವನನ್ನು ಬಳಸಲಿಲ್ಲವೇ?

ಈ ಪ್ರಶ್ನೆ ಬರದ ಊರಿಲ್ಲ. ಸಾಮಾನ್ಯವಾಗಿ ತಪ್ಪು ಮಾಡಿದ ನಾಯಕನ ಕಡೆಯವರು ಕೇಳುತ್ತಾರೆ.

ರಾಜ ದಾವೀದನ ಪಕ್ಕದಲ್ಲಿ ಅವನಿಗಿಂತ ಮೊದಲಿದ್ದ ರಾಜ ಸೌಲನನ್ನು ನಿಲ್ಲಿಸಿ ನೋಡಿ. ಅಮಾಲೇಕ್ಯರ ಯುದ್ಧದಲ್ಲಿ ಸೌಲ ದೇವರ ಮಾತು ಮೀರಿ ಒಳ್ಳೆಯ ಕುರಿ-ದನ ಉಳಿಸಿಕೊಂಡ. ಸಮುವೇಲ ಬಂದು ಕೇಳಿದಾಗ ಮೊದಲು ನಾನು ಎಲ್ಲ ಪಾಲಿಸಿದೆ ಅಂದ. ಕುರಿಗಳ ಸದ್ದು ಕೇಳಿದ ಮೇಲೆ ಜನರು ಉಳಿಸಿಕೊಂಡರು ಅಂದ, ಅದೂ ದೇವರಿಗೆ ಬಲಿ ಕೊಡಲಿಕ್ಕೆ ಅಂತೆ. ಕೊನೆಗೆ ಪಾಪ ಮಾಡಿದೆ ಅಂತ ಒಪ್ಪಿದ, ಒಪ್ಪಿದ ಬಾಯಲ್ಲೇ ಹಿರಿಯರ ಮುಂದೆ ನನ್ನ ಮಾನ ಉಳಿಸು ಅಂತ ಬೇಡಿದ. ಮೊದಲನೆಯ ಸಮುವೇಲ 15 ಓದಿ. ನಮ್ಮ ಎಷ್ಟೋ ಕಮಿಟಿ ಮೀಟಿಂಗ್ ಇದ್ದ ಹಾಗೇ ಇದೆ.

ದಾವೀದನ ತಪ್ಪು ಸೌಲನಿಗಿಂತ ಘೋರ. ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿದ. ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯ ಕತೆ ಹೇಳಿ, ಆ ಮನುಷ್ಯ ನೀನೇ ಅಂದಾಗ ದಾವೀದ ನಾತಾನನನ್ನು ಹೊರಗೆ ಹಾಕಿಸಲಿಲ್ಲ. ರಾಜ ಅವನು, ಹಾಕಿಸಬಹುದಿತ್ತು. ಪಾಪ ಮಾಡಿದೆ ಅಂದ. ಜನರು, ಪರಿಸ್ಥಿತಿ, ಆ ಹೆಂಗಸು, ಯಾರನ್ನೂ ಎಳೆದು ತರಲಿಲ್ಲ.

ಮತ್ತೆ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕ್ಷಮೆ ಸಿಕ್ಕಿತು, ಆದರೆ ಮಗು ಸತ್ತಿತು, ಮನೆ ಒಡೆಯಿತು, ಮಗ ಅಬ್ಷಾಲೋಮ ತಂದೆಯ ಮೇಲೇ ಕತ್ತಿ ಎತ್ತಿದ. ದಾವೀದನ ಹೆಸರು ಹೇಳಿ ತಪ್ಪಿಸಿಕೊಳ್ಳುವವರು ನಾತಾನನ ತನಕವೂ ಓದಿರುವುದಿಲ್ಲ, ಅಬ್ಷಾಲೋಮನ ತನಕ ದೂರ ಉಳಿಯಿತು.

"ದೇವರ ಅಭಿಷಿಕ್ತನನ್ನು ಮುಟ್ಟಬೇಡಿ" ಅಂತ ವಾಕ್ಯವೇ ಇದೆಯಲ್ಲ? ಪ್ರಶ್ನೆ ಕೇಳಿದರೆ ಶಾಪ ತಟ್ಟುತ್ತದೆ ಅಂತಾರೆ.

ಅಭಿಷಿಕ್ತ ಅಂದರೆ ದೇವರು ಆರಿಸಿ ನೇಮಿಸಿದವನು. ಕೀರ್ತನೆ 105ರಲ್ಲಿ ಆ ಮಾತು ಇದೆ. ಅದನ್ನು ದೇವರು ಹೇಳುವುದು ರಾಜರಿಗೆ. ಊರೂರು ತಿರುಗುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡಬೇಡಿ ಅಂತ. ಅಂದರೆ ಬಲ ಇದ್ದವರಿಂದ ಬಲ ಇಲ್ಲದವರನ್ನು ಕಾಯುವ ಮಾತು. ಅದನ್ನು ತಿರುಗಿಸಿ, ಮೈಕ್ ಇದ್ದವರು ಬೆಂಚಿನ ಮೇಲೆ ಕೂತವರಿಗೆ ಹೆದರಿಕೆ ಹಾಕಲು ಬಳಸುತ್ತಾರೆ.

ದಾವೀದನೂ ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ ಗವಿಯಲ್ಲಿ ಕೈಗೆ ಸಿಕ್ಕಾಗ ಅಭಿಷಿಕ್ತ ಅಂತ ಕೊಲ್ಲದೆ ಬಿಟ್ಟ, ನಿಜ. ಬಿಟ್ಟು ಸುಮ್ಮನಾದನಾ? ಗವಿಯಿಂದ ಹೊರಗೆ ಬಂದು, ತಾನು ಕತ್ತರಿಸಿಕೊಂಡ ಸೌಲನ ಅಂಗಿಯ ಅಂಚನ್ನು ಎತ್ತಿ ತೋರಿಸಿ, ಸೈನಿಕರ ಮುಂದೆಯೇ ಕೂಗಿ ಕೇಳಿದ: ನಾನೇನು ತಪ್ಪು ಮಾಡಿದೆ ಅಂತ ನನ್ನ ಪ್ರಾಣ ಬೇಟೆಯಾಡುತ್ತೀ? ಕೈ ಎತ್ತಲಿಲ್ಲ, ಬಾಯಿ ಮುಚ್ಚಲೂ ಇಲ್ಲ. ಎರಡು ಬೇರೆ ಬೇರೆ.

ಬಾಯಿ ಮುಚ್ಚಿಸಿದರೆ ಏನಾಗುತ್ತದೆ ಅಂತ ಹತ್ತಿರದ ಉದಾಹರಣೆ ಬೇಕಾದರೆ ರವಿ ಜಕರಾಯಸ್. ಚೆನ್ನೈಯಲ್ಲಿ ಹುಟ್ಟಿ ಲೋಕಪ್ರಸಿದ್ಧರಾದ ವಾಗ್ಮಿ. ನಮ್ಮ ಕಡೆಯ ಎಷ್ಟೋ ಯೂಥ್ ಹುಡುಗರು ಅವರ ವಿಡಿಯೋ ನೋಡಿಯೇ ಬೆಳೆದರು, ನನ್ನ ಮಗನೂ ಒಬ್ಬ. 2020ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಸಂಸ್ಥೆಯೇ ನೇಮಿಸಿದ ವಕೀಲರು 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟರು: ಹಲವು ಮಹಿಳೆಯರ ಮೇಲೆ ಲೈಂಗಿಕ ದುರ್ವರ್ತನೆ ನಡೆದದ್ದು ನಿಜ. ಬದುಕಿದ್ದಾಗ ದೂರು ಹೇಳಿದ ಮಹಿಳೆಯನ್ನು ಸಂಸ್ಥೆ ನಂಬಿರಲಿಲ್ಲ. ಆಮೇಲೆ ಕ್ಷಮೆ ಕೇಳಿತು. ಮಗ ಎರಡು ಭಾನುವಾರ ಚರ್ಚಿಗೆ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ನಮ್ಮ ನಾಯಕರು ತಪ್ಪು ಮಾಡಿದ್ದು ಗೊತ್ತಾಗಿದೆ. ಈಗ ಏನು ಮಾಡಬೇಕು?

ಯಾವ ತಪ್ಪು ಅನ್ನುವುದರ ಮೇಲೆ ನಿಂತಿದೆ.

ನಿಮಗೂ ಅವರಿಗೂ ನಡುವಿನದಾದರೆ ಮತ್ತಾಯ 18ರ ದಾರಿ: ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆ. ವಾಟ್ಸಾಪ್ ಗುಂಪು ಈ ಮೂರರಲ್ಲಿ ಎಲ್ಲೂ ಇಲ್ಲ. ಸಭೆಗೆ ಸಂಬಂಧಿಸಿದ್ದಾದರೆ ಮೊದಲನೆಯ ತಿಮೊಥೆಯ 5. ಎರಡು ಮೂರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಅಂತ ಅಲ್ಲಿದೆ. ನಾಯಕರಿಗೆ ಈ ಸಾಲು ಬಾಯಿಪಾಠ. ಮುಂದಿನ ಸಾಲು ಮಾತ್ರ ನೆನಪಿರುವುದಿಲ್ಲ: ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸು.

ಅಪರಾಧವಾದರೆ ದಾರಿ ಬೇರೆ. ಮಗುವಿನ ಮೇಲೆ ಯಾರಾದರೂ ಕೈ ಹಾಕಿದ್ದರೆ ಹಿರಿಯರ ಸಭೆ, ಪ್ರಾರ್ಥನೆ, ರಾಜಿ ಯಾವುದೂ ಅಲ್ಲ. ನೇರ ಪೊಲೀಸ್. 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ವರ್ಷದ ಒಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಸಭೆಯ ಮಾನ ಹೋಗುತ್ತದೆ ಅಂತ ಯಾರಾದರೂ ಅಂದರೆ, ಆ ಮಗುವಿನ ಮಾನ, ಜೀವ ಯಾರ ಲೆಕ್ಕದಲ್ಲಿ ಬರೆದಿದ್ದೀರಿ ಅಂತ ಕೇಳಿ.

ಪಾಸ್ಟರ ಮಗ ದಾರಿ ತಪ್ಪಿದ್ದಾನೆ. ಅಪ್ಪ ರಾಜೀನಾಮೆ ಕೊಡಬೇಕಾ?

ಬೆಳೆದ ಮಗ ಚರ್ಚಿಗೆ ಬರುವುದಿಲ್ಲ ಅನ್ನುವುದು ಒಂದು. ಅದಕ್ಕೆ ಅಪ್ಪನನ್ನು ಹಿಡಿದು ಎಳೆಯುವುದು ಕ್ರೂರತನ. ಪಾಸ್ಟರ ಮಕ್ಕಳ ಮೇಲೆ ನಾವು ಹಾಕುವ ಕಣ್ಣು ಕಡಿಮೆಯಾದರೆ ಅರ್ಧ ಮಕ್ಕಳು ಸರಿ ಇರುತ್ತಾರೆ ಅಂತ ನನಗೆ ಅನಿಸುತ್ತದೆ. ಬೈಬಲಿನ ಯಾಜಕ ಏಲಿಯ ಕತೆ ಬೇರೆ. ಅವನ ಮಕ್ಕಳು ಹೊಫ್ನಿ, ಫೀನೆಹಾಸ ಯಾಜಕರಾಗಿದ್ದುಕೊಂಡೇ ಬಲಿಯ ಮಾಂಸ ಕಿತ್ತುಕೊಂಡರು, ಸೇವೆಗೆ ಬಂದ ಹೆಂಗಸರನ್ನು ಕೆಡಿಸಿದರು. ಅಪ್ಪ ಬಾಯಿಮಾತಿಗೆ ಬಯ್ದ, ಕೆಲಸದಿಂದ ತೆಗೆಯಲಿಲ್ಲ. ಮಗನನ್ನೋ ಅಳಿಯನನ್ನೋ ಸಭೆಯ ಕೆಲಸದಲ್ಲಿ ಕೂರಿಸಿ, ಅವನು ತಿನ್ನುವುದನ್ನು ನೋಡಿಯೂ ಸುಮ್ಮನಿದ್ದರೆ, ಆಗ ಪ್ರಶ್ನೆ ಅಪ್ಪನಿಗೇ.

ಬಿದ್ದವರನ್ನು ಮತ್ತೆ ನಿಲ್ಲಿಸಬಾರದಾ? ಕ್ಷಮೆ ಅಂದರೆ ಅದೇ ಅಲ್ಲವೇ?

ಕ್ಷಮೆ ಬೇರೆ, ಕುರ್ಚಿ ಬೇರೆ. ಕದ್ದ ಖಜಾಂಚಿಯನ್ನು ಕ್ಷಮಿಸಿ, ಜೊತೆಗೆ ಊಟ ಮಾಡಿ, ಕಷ್ಟಕ್ಕೆ ನೆರವಾಗಿ. ಬೀಗದ ಕೈ ಮಾತ್ರ ತಿರುಗಿ ಕೊಡಬೇಡಿ. ಅದು ಅವನಿಗೂ ಒಳ್ಳೆಯದು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ಯೇಸುವಿನ ಮುಂದೆ ಸುಮ್ನೆ ಅಳಲಿಲ್ಲ, ಮೋಸ ಮಾಡಿದ್ದರ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ.

ಶಿಷ್ಯ ಪೇತ್ರನನ್ನು ಯೇಸು ಮತ್ತೆ ನಿಲ್ಲಿಸಿದ ನಿಜ, ಹೇಗೆ ಅಂತ ನೋಡಿ. ಯೇಸುವನ್ನು ಮೂರು ಸಲ ತಿಳಿಯೆ ಅಂದವನಿಗೆ ಮೂರು ಸಲ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಅಂತ ಯೋಹಾನ ಬರೆಯುತ್ತಾನೆ. ಆ ನೋವನ್ನು ದಾಟದೆ ಕುರಿ ಮೇಯಿಸುವ ಕೆಲಸ ಸಿಗಲಿಲ್ಲ. ಆಮೇಲೂ ಪೇತ್ರ ಎಡವಿದ. ಅಂತಿಯೋಕ್ಯ ಅನ್ನುವ ಊರಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದುಹೋದಾಗ ಪೌಲ ಎಲ್ಲರ ಎದುರಿಗೇ ಕೇಳಿದ. ಪಂಕ್ತಿಭೇದದ ನೋವು ಗೊತ್ತಿರುವ ನಮ್ಮ ಸಭೆಗಳಿಗೆ ಆ ಕತೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೇ ಕಾಲದ ಮಿಷನರಿಗಳು ಎಂಥ ನಡತೆಯವರು! ಈಗ ಅಂಥವರು ಯಾಕಿಲ್ಲ?

ಹಳಬರನ್ನೆಲ್ಲ ದೇವದೂತರು ಮಾಡುವುದು ಬೇಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರಲ್ಲಿ ನನಗೆ ಹಿಡಿಸುವ ಒಂದು ಸಂಗತಿ ಇದೆ. ಅವರು ಕೇಳುವವರಿಲ್ಲದ ಜನ ಅಲ್ಲ. ಬಾಸೆಲ್‌ನ ಕಮಿಟಿಗೆ ವರದಿ ಬರೆಯಬೇಕಿತ್ತು. ಮದುವೆಗೂ ಕಮಿಟಿಯ ಒಪ್ಪಿಗೆ ಬೇಕಿತ್ತು! ಇದು ಅತಿಯಾಯಿತು ಅನ್ನಿ. ಇನ್ನೊಂದು ಕಡೆ, ಇಲ್ಲಿಯ ವಿಶ್ವಾಸಿಗಳು ಅವರನ್ನು ಹಾಗೆ ಕೇಳಬಹುದಿತ್ತಾ? ಕಷ್ಟ. ಲೆಕ್ಕ ಸಮುದ್ರ ದಾಟಿ ಹೋಗುತ್ತಿತ್ತು, ಪಕ್ಕದ ಓಣಿಗೆ ಬರುತ್ತಿರಲಿಲ್ಲ.

ಕಿಟೆಲ್ ಅವರ ಹೆಸರು ಧಾರವಾಡದ ಕಾಲೇಜಿನಿಂದ ಎಲ್ಲರಿಗೂ ಗೊತ್ತು. 1853ರಲ್ಲಿ ಬಂದವರು, ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಶಬ್ದ. ಅವರು ಮನೆಯಲ್ಲಿ ಹೇಗಿದ್ದರು ಅಂತ ನಾನು ಹೇಳಲಾರೆ. ಒಂದೊಂದು ಶಬ್ದವನ್ನೂ ಪಂಡಿತರ ಹತ್ತಿರ, ಹಳ್ಳಿಯವರ ಹತ್ತಿರ ಕೇಳಿ ಕೇಳಿ ಸರಿಪಡಿಸಿಕೊಳ್ಳದೆ ಅಂಥ ಪುಸ್ತಕ ಆಗುವುದಿಲ್ಲ ಅನ್ನುವುದಷ್ಟು ಗೊತ್ತು.

ನಾನು ಯೂಥ್ ಲೀಡರ್, 22 ವರ್ಷ. ಇದೆಲ್ಲ ನನಗೂ ಅನ್ವಯಿಸುತ್ತಾ?

ನಿನಗೇ ಜಾಸ್ತಿ, ತಮ್ಮಾ. ಈಗ ಹತ್ತಿದ ರೂಢಿ ಮುಂದೆ ಬಿಡುವುದಿಲ್ಲ. ಕ್ಯಾಂಪಿಗೆ ಕೂಡಿಸಿದ ರೊಕ್ಕದಲ್ಲಿ 140 ರೂಪಾಯಿ ಉಳಿದರೆ ಬರೆದು ಒಪ್ಪಿಸು. ರಾತ್ರಿ ಹನ್ನೊಂದಕ್ಕೆ ಯೂಥ್ ಹುಡುಗಿಯರಿಗೆ ಬೈಬಲ್ ವಚನ ಕಳಿಸುವುದು ಬೇಡ, ವಚನ ಬೆಳಿಗ್ಗೆಯೂ ಅದೇ ಇರುತ್ತದೆ. ಮತ್ತೆ, ನಿನಗಿಂತ ಹಿರಿಯರೊಬ್ಬರಿಗೆ ನಿನ್ನನ್ನು ಏನು ಬೇಕಾದರೂ ಕೇಳುವ ಅಧಿಕಾರ ನೀನೇ ಕೊಡು.

ನೀವು ಖಜಾಂಚಿಯಾಗಿದ್ದಾಗ ಎಂದೂ ತಪ್ಪು ಮಾಡಲಿಲ್ಲವೇ?

ಬೆಟಗೇರಿಯಲ್ಲಿ ಒಬ್ಬ ಹುಡುಗಿ ಕೇಳಿದಳು. ಮಾಡಿದ್ದೆ. ಒಂದು ವರ್ಷ ಸುಗ್ಗಿ ಹಬ್ಬಕ್ಕೆ ಜನ ಚರ್ಚಿಗೆ ಕೊಟ್ಟದ್ದರ ಲಿಲಾವು ಆದ ಮೇಲೆ, ಕುಂಬಳಕಾಯಿ, ಕೋಳಿ, ಜೋಳದ ಚೀಲ ಎಲ್ಲ ಹೋಗಿ 8,600 ರೂಪಾಯಿ ಕೈಗೆ ಬಂತು. ಮರುದಿನ ಮಗಳ ಫೀ ಕಟ್ಟುವ ಕೊನೆಯ ದಿನ. ಸಂಬಳ ಬರಲು ಐದು ದಿನ ಇತ್ತು. ಅದರಲ್ಲಿ 3,000 ತೆಗೆದು ಕಟ್ಟಿದೆ. ಸಂಬಳ ಬಂದ ದಿನ ತಿರುಗಿ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ.

ಸ್ತ್ರೀಯರ ಸಂಘದ ಒಬ್ಬ ಅಜ್ಜಿ ಇದ್ದಳು. ಓದು ಬರಹ ಅಷ್ಟಕ್ಕಷ್ಟೇ. ಮುಂದಿನ ಭಾನುವಾರ ಎಲ್ಲರೂ ಹೋದ ಮೇಲೆ ಬಂದು, "ಏನಪಾ, ಲಿಲಾವಿನ ರೊಕ್ಕ ಸೋಮವಾರ ಬ್ಯಾಂಕಿಗೆ ತುಂಬಿದಿ, ಹೌದಿಲ್ಲೋ?" ಅಂದಳು. ಹೌದು ಅಂತ ಬಾಯಿಗೆ ಬಂದಿತ್ತು. ಅವಳ ಕೈಯಲ್ಲಿ ತಾನೇ ಲಿಲಾವಿನಲ್ಲಿ ಕೊಂಡ ಬದನೆಕಾಯಿಯ ಚೀಲದ್ದೋ ಏನೋ ಒಂದು ಹಳೇ ಚೀಟಿ. ಶನಿವಾರ ತುಂಬಿದೆ ಅಮ್ಮಾ, ನಡುವೆ ಮೂರು ಸಾವಿರ ನಾನು ಬಳಸಿದ್ದೆ ಅಂದೆ. ಅವಳು ಬಯ್ಯಲಿಲ್ಲ. "ಕಮಿಟಿಗೆ ನೀನ ಹೇಳ್ತಿಯೋ, ನಾ ಹೇಳ್ಲೋ?" ಅಂತ ಕೇಳಿ, ಚೀಟಿ ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಬುಧವಾರ ಕಮಿಟಿ ಇತ್ತು. ನಾನೇ ಹೇಳಿದೆ.